ಬೀರುವಿನ ಗಾಜು

ಗಂಟಕ್ಕನಿಗೆ ಸಿಟ್ಟು ಬಂದರೆ ಅದರ ಸದ್ದು ಬೀದಿಗೆಲ್ಲ ಕೇಳುತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಆ ದಿನ ಬೆಳಗ್ಗೆ ಅವಳು ಪಾತ್ರೆ ತೊಳೆಯುತ್ತಿದ್ದ ರಭಸಕ್ಕೆ ಪಕ್ಕದ ಮನೆಯ ಕಿಟಕಿ ಒಮ್ಮೆ ತೆರೆದು, ವಿಷಯ ತಿಳಿದವರಂತೆ ಮೆಲ್ಲಗೆ ಮುಚ್ಚಿಕೊಂಡಿತು. ತಪ್ಪಲೆಯನ್ನು ಕಲ್ಲಿನ ಮೇಲೆ ಕುಕ್ಕಿದಳು. ಸೌಟುಗಳನ್ನು ಬುಟ್ಟಿಗೆ ಎಸೆದಳು. ಅವಳ ಮಟ್ಟಿಗೆ ಎಲ್ಲವೂ ಹತ್ತಿಯ ಮೇಲೆ ಹತ್ತಿ ಬಿದ್ದಷ್ಟು ಮೆತ್ತಗಿತ್ತು. ಅದಕ್ಕೇ ಇನ್ನಷ್ಟು ಜೋರಾಗಿ ಎಸೆಯುತ್ತಿದ್ದಳು.

ಮಗಳು ಎದುರಿಗೆ ಬಂದು ನಿಂತಳು. ತಾಯಿ ತಲೆ ಎತ್ತುವವರೆಗೆ ಕಾದು, "ಆ ತಪ್ಪಲೆ ಏನು ಮಾಡಿತ್ತು ನಿನಗೆ?" ಎಂದಳು.

"ತಪ್ಪಲೆ ಮೇಲಿನ ಸಿಟ್ಟಿಗಲ್ಲ ನಾನು ಕುಕ್ಕಿದ್ದು."

"ಗೊತ್ತು, ನನಗೆ. ಪಕ್ಕದ ಮನೆಯವರಿಗೂ ಗೊತ್ತಾಯ್ತು."

ಬಾಗಿಲ ಬಳಿ ಟಿಕೆಟ್ ಚೀಲ ಹೆಗಲಿಗೇರಿಸುತ್ತಿದ್ದ ಗಂಡ ನಕ್ಕ. ಅವನು ಬಸ್ಸಿನ ಕಂಡಕ್ಟರು. ಎಂಜಿನ್ನಿನ ಅಬ್ಬರವನ್ನು ಮೀರಿ ಕೂಗಿ ಪಳಗಿದ ಗಂಟಲು ಅವನದು. ಮನೆಯಲ್ಲಿ ಅವಳ ಕಿವಿಗೆ ಇನ್ನೂ ಬೀಳುತ್ತಿದ್ದ ದನಿ ಅದೊಂದೇ. "ಅಮ್ಮ ಮಗಳು ಇಬ್ಬರೂ ಜಗಳ ಒಳಗೆ ಸರಿಸಿ, ಬಾಗಿಲಲ್ಲಿ ನಿಲ್ಲಬೇಡಿ," ಎಂದು ಕೂಗಿ ಹೊರಟುಹೋದ. ಇಬ್ಬರಲ್ಲಿ ಒಬ್ಬಳೂ ನಗಲಿಲ್ಲ.

ಊರಂಚಿನ ನೇಯ್ಗೆ ಕಾರ್ಖಾನೆಯಲ್ಲಿ ಹರಿದ ಎಳೆಗೆ ಅವಳಷ್ಟು ಬೇಗ ಗಂಟು ಹಾಕುವ ಕೈ ಇನ್ನೊಂದಿರಲಿಲ್ಲ. ಅದಕ್ಕೇ ಇಪ್ಪತ್ತೆರಡು ವರ್ಷದಿಂದ ಅವಳು ಎಲ್ಲರಿಗೂ ಗಂಟಕ್ಕ. ಎರಡು ವರ್ಷದ ಹಿಂದೆ ಮಗಳೂ ಅಲ್ಲಿಗೇ ಸೇರಿದಾಗ ಅವಳು ಚಿಕ್ಕ ಗಂಟು ಆದಳು. ತಾಯಿಗೆ ನಾಲ್ಕು ಮಗ್ಗ, ಮಗಳಿಗೆ ಸದ್ಯಕ್ಕೆ ಎರಡು. ಬರುವ ತಿಂಗಳು ಅವಳಿಗೂ ನಾಲ್ಕು ಕೊಡುತ್ತೇನೆಂದು ಮೇಸ್ತ್ರಿ ಮಾತು ಕೊಟ್ಟಿದ್ದ.

ಕಾರ್ಖಾನೆಯ ಹಾಲ್ ತುಂಬ ನೂರಾರು ಮಗ್ಗ ಒಟ್ಟಿಗೆ ಓಡುವಾಗ, ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದು ಹಾರುವಾಗ, ಅಲ್ಲಿ ಬಾಯಿಂದ ಆಡಿದ ಮಾತು ಹಲ್ಲಿನಾಚೆ ದಾಟುವುದಿಲ್ಲ. ಆದ್ದರಿಂದ ಅಲ್ಲಿನವರು ದನಿ ತೆಗೆಯದೆ ತುಟಿ ಅಗಲಿಸಿ ಮಾತಾಡುವುದನ್ನು ಕಲಿತಿದ್ದರು. ಹತ್ತು ಮಗ್ಗದಾಚೆ ಇದ್ದವರ ತುಟಿ ನೋಡಿ ಅವರ ಮನೆಯ ಅತ್ತೆ ಸೊಸೆ ಸಮಾಚಾರವನ್ನೆಲ್ಲ ಓದಿಬಿಡುತ್ತಿದ್ದರು. ಈ ವಿದ್ಯೆಯೇ ಗಂಟಕ್ಕನಿಗೆ ಮುಳುವಾಯಿತು. ಎದುರಿಗೆ ನಿಂತವರ ಮಾತೆಲ್ಲ ತಿಳಿಯುತ್ತಿದ್ದುದರಿಂದ ತನಗೆ ಕೇಳುತ್ತಿಲ್ಲ ಎನ್ನುವುದು ಅವಳಿಗೇ ಗೊತ್ತಾಗಿದ್ದು ತಡವಾಗಿ. ಗೊತ್ತಾದ ಮೇಲೂ ಅದನ್ನು ಹಳೇ ಸೊಂಟನೋವಿನಂತೆ ಮನೆಯಾಚೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

ಒಂಬತ್ತು ದಿನದ ಹಿಂದೆ ಸಂಜೆ ಮಗಳು ಊಟಕ್ಕೆ ಕೂತವಳು ತುತ್ತು ಕೈಯಲ್ಲೇ ಹಿಡಿದು, "ಅಮ್ಮ, ಮನೆಗೆ ಬಂದ ಮೇಲೂ ಮಗ್ಗ ನಿಲ್ತಾನೇ ಇಲ್ಲ. ಕಿವಿಯೊಳಗೆ ಗುಂಯ್ ಅಂತಿದೆ," ಎಂದಳು. ತಾಯಿ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಅವಳಿಗೂ ಹಾಗೇ ಶುರುವಾಗಿತ್ತು. ಮೊದಲು ಗುಂಯ್, ಆಮೇಲೆ ಹಕ್ಕಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮಗಳು ಬೆನ್ನ ಹಿಂದಿನಿಂದ ಕರೆಯುವ 'ಅಮ್ಮ'.

ರಜೆಯ ದಿನ ಮಗಳನ್ನು ಎಳೆದುಕೊಂಡು ದೊಡ್ಡಾಸ್ಪತ್ರೆಯ ಕಿವಿ ವಿಭಾಗಕ್ಕೆ ಹೋದಳು. ಅಲ್ಲಿನ ಡಾಕ್ಟರಮ್ಮ ತಾಳ್ಮೆಯವರು. ದೀಪ ಹಾಕಿ ಇಬ್ಬರ ಕಿವಿಯೊಳಗೂ ನೋಡಿದರು, ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಮೊಣಕೈಗೆ ಬಡಿದು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರು, ಆಮೇಲೆ ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷೆ ಮಾಡಿಸಿದರು. ಕಿವಿಯಲ್ಲಿ ಪೀಂ ಎಂದು ಸದ್ದು ಬಂದಾಗಲೆಲ್ಲ ಗುಂಡಿ ಒತ್ತಬೇಕು. ಅಲ್ಲಿ ನೋಡಲು ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಗಂಟಕ್ಕ ಬಹಳ ಹೊತ್ತು ಗುಂಡಿಯ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿದ್ದು ಎದ್ದು ಬಂದಳು.

ಮೇಜಿನ ಮೇಲೆ ಮುಷ್ಟಿ ಗಾತ್ರದ ಪ್ಲಾಸ್ಟಿಕ್ ಕಿವಿಯೊಂದಿತ್ತು. ಡಾಕ್ಟರಮ್ಮ ಅದನ್ನು ಬಿಡಿಸಿ ತೋರಿಸಿದರು. "ಇದು ಕಿವಿಯ ತಮಟೆ. ಇಬ್ಬರದ್ದೂ ಚೆನ್ನಾಗಿದೆ, ತೂತಿಲ್ಲ, ಕೀವಿಲ್ಲ. ಇದರ ಹಿಂದೆ ಮೂರು ಮೂಳೆ. ಸುತ್ತಿಗೆ, ಅಡಿಗಲ್ಲು, ಕುದುರೆ ಸವಾರ ಕಾಲಿಡೋ ರಿಕಾಪು, ಆ ಆಕಾರದವು. ಅಕ್ಕಿಕಾಳಿನಷ್ಟಿರುತ್ತೆ, ಅವೂ ಸರಿಯಾಗಿವೆ. ತೊಂದರೆ ಇನ್ನೂ ಒಳಗೆ, ಈ ಬಸವನಹುಳುವಿನ ಹಾಗೆ ಸುತ್ತಿಕೊಂಡಿದೆಯಲ್ಲ, ಇದರಲ್ಲಿ. ಇದನ್ನ ಕರ್ಣಶಂಖ ಅಂತೀವಿ. ಇದರೊಳಗೆ ಕೂದಲಿಗಿಂತ ಸಣ್ಣ ಎಳೆಗಳಿರುತ್ತವೆ. ಸದ್ದು ಬಂದರೆ ಅವು ತೂಗ್ತವೆ. ದಿನಾ ಎಂಟು ಗಂಟೆ ಮಗ್ಗದ ಸದ್ದು ಬಡಿದರೆ ಮುರಿದು ಬಿದ್ದುಹೋಗ್ತವೆ."

"ಎಳೆ ಹರಿದ್ರೆ ಗಂಟು ಹಾಕ್ಬಹುದಲ್ಲ ಡಾಕ್ಟರಮ್ಮ?"

"ಇದಕ್ಕೆ ಗಂಟು ಹಾಕೋ ಕೈ ಇನ್ನೂ ಹುಟ್ಟಿಲ್ಲಮ್ಮ. ಆಪರೇಷನ್ನೂ ಇಲ್ಲ, ಮಾತ್ರೆನೂ ಇಲ್ಲ. ನಿಮಗೆ ಎರಡೂ ಕಿವಿಗೆ ಮಿಷನ್ ಹಾಕ್ಬೇಕು, ಉಳಿದಿರೋದನ್ನ ಅದು ಜೋರು ಮಾಡಿ ಕೇಳಿಸುತ್ತೆ. ಮಗಳದ್ದು ಈಗ ಶುರು. ಈ ಗುಂಯ್ ಅನ್ನೋದಕ್ಕೆ ಕಿವಿಮೊರೆತ ಅಂತಾರೆ, ಅದೇ ಮುನ್ಸೂಚನೆ. ನೋಡಿ, ಪರೀಕ್ಷೆಯ ಈ ಹಾಳೆಯಲ್ಲಿ ಸಣ್ಣ, ಕೀರಲು ದನಿಯ ಕಡೆ ಗೆರೆ ಹೇಗೆ ಹಳ್ಳಕ್ಕೆ ಬಿದ್ದಿದೆ. ಈಗಲೇ ಸದ್ದಿನಿಂದ ದೂರ ಇಟ್ಟರೆ ಇರೋದು ಉಳಿಯುತ್ತೆ. ಇಲ್ಲ ಅಂದ್ರೆ," ಎಂದು ಅವರು ತಾಯಿಯ ಹಾಳೆಯನ್ನು ಮಗಳ ಹಾಳೆಯ ಪಕ್ಕಕ್ಕೆ ಸರಿಸಿದರು.

ಆಮೇಲೆ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಮಾಡುವ ಕಿವಿ ಪರೀಕ್ಷೆಯ ಪುಸ್ತಕ ಕೇಳಿದರು. ಪುಟ ತಿರುವಿ ತಿರುವಿ ಹುಬ್ಬು ಗಂಟಿಕ್ಕಿದರು. ವರ್ಷ ವರ್ಷವೂ ಒಂದೇ ಮಾತು: ಎರಡೂ ಕಿವಿ ಸರಿಯಾಗಿವೆ. "ಹೋದ ವರ್ಷದ ಈ ಹಾಳೆ ಪ್ರಕಾರ ನಿಮ್ಮ ಕಿವಿ ಶಾಲೆಗೆ ಹೋಗೋ ಹುಡುಗಿಯದು. ಇದು ಹೇಗಮ್ಮ? ಅವರು ನಂಬೋದು ಅವರ ಹಾಳೆಯನ್ನೇ. ಇದು ಹೀಗಿದ್ದರೆ ನನ್ನ ಚೀಟಿ ತಗೊಂಡು ಮಡಚಿ ಜೇಬಿಗೆ ಹಾಕ್ಕೋತಾರೆ, ಅಷ್ಟೆ."

ಗಂಟಕ್ಕ ಸೆರಗು ಬಾಯಿಗೆ ಹಿಡಿದಳು. ಹೇಗೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಾರ್ಖಾನೆಯ ಔಷಧದ ಕೋಣೆಯಲ್ಲಿ ಪರೀಕ್ಷೆಗೆಂದು ಮರದ ಗೂಡೊಂದಿದೆ. ಅದರಲ್ಲಿ ಕುರ್ಚಿ, ಕುರ್ಚಿಯ ಎದುರಿಗೆ ಕಿಟಕಿ, ಕಿಟಕಿಯಾಚೆ ಪರೀಕ್ಷೆ ಮಾಡುವವನ ಮೇಜು. ಕಿವಿಯಲ್ಲಿ ಪೀಂ ಪೀಂ ಊದಿಸುವ ಅವನನ್ನು ಎಲ್ಲರೂ ಪೀಪಿ ಮಾಸ್ತರ ಎನ್ನುತ್ತಾರೆ. ಅವನ ಬೆನ್ನ ಹಿಂದೆ ಔಷಧದ ಬೀರು, ಅದಕ್ಕೆ ಗಾಜಿನ ಬಾಗಿಲು. ಮಾಸ್ತರನ ಕೈ ಯಂತ್ರದ ಮರೆಯಲ್ಲಿದ್ದರೂ ಅವನ ಮೊಣಕೈ ಬೀರುವಿನ ಗಾಜಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವನು ಸದ್ದು ಬಿಟ್ಟಾಗ ಮೊಣಕೈ ಒಂದು ಎಳೆಯಷ್ಟು ಅಲ್ಲಾಡುತ್ತದೆ. ಆಗ ಗುಂಡಿ ಒತ್ತಿದರಾಯಿತು. ಹರಿಯುವ ಎಳೆಯನ್ನು ಹರಿಯುವ ಮೊದಲೇ ಕಾಣುವ ಕಣ್ಣುಗಳಿಗೆ ಅದೇನು ಮಹಾ.

ಒತ್ತದೆ ಉಪಾಯವಿರಲಿಲ್ಲ. ಪರೀಕ್ಷೆಯಲ್ಲಿ ಬಿದ್ದವರನ್ನು ಮಗ್ಗದಿಂದ ಎಬ್ಬಿಸಿ ಬಟ್ಟೆ ಮಡಿಸುವ ಕೋಣೆಗೆ ಕಳಿಸುತ್ತಿದ್ದರು. ಅಲ್ಲಿ ಕೂಲಿ ಕಡಿಮೆ, ಮೇಲಾಗಿ ಅದಕ್ಕೆ ಎಲ್ಲರೂ ಇಟ್ಟ ಹೆಸರು ಕಿವುಡರ ಕೋಣೆ. ಗಂಟಕ್ಕನಿಗೆ ಗಾಜು ನೋಡುವುದನ್ನು ಹಿರಿಯ ನೇಯ್ಗೆಯವಳೊಬ್ಬಳು ಹೇಳಿಕೊಟ್ಟಿದ್ದಳು. ಗಂಟಕ್ಕ ಅದನ್ನು ಮಗಳಿಗೆ ಹೇಳಿಕೊಟ್ಟಿದ್ದಳು. ಬರೀ ಹೇಳಿಕೊಟ್ಟಿದ್ದಲ್ಲ. ಮಗಳು ಕೆಲಸಕ್ಕೆ ಸೇರಿದ ವಾರ, ಅಡುಗೆಮನೆಯ ಗೋಡೆಗೆ ಕನ್ನಡಿ ಒರಗಿಸಿ, ತಾನು ಬೆನ್ನು ತಿರುಗಿಸಿ ಕೂತು, ಚಮಚದಿಂದ ಹಲಗೆ ಮುಟ್ಟಿ ಮುಟ್ಟಿ ಅಭ್ಯಾಸ ಮಾಡಿಸಿದ್ದಳು. "ಮುಖ ನೋಡಬೇಡ, ಮೊಣಕೈ ನೋಡು," ಎಂದಿದ್ದಳು. ಮಗಳಿಗೆ ಎರಡನೇ ಸಂಜೆಯೇ ಕೈ ಕುದುರಿದಾಗ ಹೆಮ್ಮೆಯಿಂದ ಅವಳ ತಲೆ ನೇವರಿಸಿದ್ದಳು.

ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೆ ಕಾರ್ಖಾನೆಯ ಮೇಲೆ ಸಿಟ್ಟು, ಮಗಳ ಮೇಲೆ ಸಿಟ್ಟು. ಆ ಚಮಚದ ನೆನಪಾದಾಗ ಮಾತ್ರ ತನ್ನ ಕೈಯನ್ನೇ ಕತ್ತರಿಸಿ ಹಾಕುವಷ್ಟು ಸಿಟ್ಟು. "ಈ ವರ್ಷದ ಪರೀಕ್ಷೆಯಲ್ಲಿ ಗಾಜು ನೋಡಬೇಡ ಕಣೇ," ಎಂದು ದಿನಾ ಹೇಳಿದಳು. ಮಗಳು ದಿನಾ ಒಂದೇ ಉತ್ತರ ಕೊಟ್ಟಳು: "ನೀನು ಇಷ್ಟು ವರ್ಷ ನೋಡಿದೆಯಲ್ಲ." ಅದಕ್ಕೆ ತಾಯಿ ತಪ್ಪಲೆ ಕುಕ್ಕಿದಳು.

ಆ ಬೆಳಗ್ಗೆ, ಪರೀಕ್ಷೆಯ ದಿನ, ಅವರಿಬ್ಬರ ಜಗಳ ಮನೆಯಲ್ಲಿ ಮುಗಿಯದೆ ಮಗ್ಗದ ಹಾಲಿಗೂ ಬಂತು. ತಾಯಿ ತನ್ನ ಮಗ್ಗದಿಂದ ಕೈ ಬೀಸಿ ಮಗಳ ಗಮನ ಸೆಳೆದು ತುಟಿಯಲ್ಲೇ, "ಇವತ್ತು ನಿನ್ನ ಸರದಿ ಬಂದಾಗ ನೆನಪಿರಲಿ," ಎಂದಳು.

"ನಾಲ್ಕು ಮಗ್ಗ ನೀನು ಕೊಡಿಸ್ತೀಯಾ?" ಎಂದಿತು ಆ ಕಡೆಯ ತುಟಿ.

"ನನ್ನ ಹಾಗೆ ಆಗ್ತೀಯ."

"ನಿನ್ನ ಹಾಗೆ ಆಗೋಕೇ ಅಲ್ವಾ ನನ್ನ ಇಲ್ಲಿಗೆ ಸೇರಿಸಿದ್ದು?"

ಒಂದು ಚೂರೂ ದನಿಯಿಲ್ಲದ ಜಗಳ. ಆದರೆ ಹಾಲಿನಲ್ಲಿದ್ದವರೆಲ್ಲ ಅದನ್ನು ಓದಿದರು. ಮೂಲೆಯ ಮಗ್ಗದವಳು ಪಕ್ಕದವಳತ್ತ ತಿರುಗಿ, "ದೊಡ್ಡ ಗಂಟು ಚಿಕ್ಕ ಗಂಟು ಸಿಕ್ಕು ಬಿದ್ದಿವೆ, ಬಿಡಿಸೋರು ಯಾರು?" ಎಂದು ತುಟಿಯಾಡಿಸಿದ್ದನ್ನೂ ಗಂಟಕ್ಕ ಓದಿದಳು. ಓದಿಯೂ ಓದದವಳಂತೆ ಹರಿದ ಎಳೆ ಹುಡುಕಿದಳು.

ಹನ್ನೊಂದಕ್ಕೆ ಮೇಸ್ತ್ರಿ ಬಂದು ಬೆರಳು ಮಾಡಿ ಕರೆದ. ಮಗ್ಗ ಬಿಟ್ಟು ಬಂದವರು ಬಂದಂತೆ ಔಷಧದ ಕೋಣೆಯ ಬೆಂಚಿನ ಮೇಲೆ ಸಾಲಾಗಿ ಕೂತರು. ಬೀರುವಿನ ಕೆಳಗಿನ ಖಾನೆಯಲ್ಲಿ ಕಿವಿಗೆ ತುರುಕಿಕೊಳ್ಳುವ ಹಳದಿ ಬಿರಡೆಗಳ ಪೆಟ್ಟಿಗೆ ಇತ್ತು. ಹೊರಗಿನ ಅಧಿಕಾರಿಗಳು ನೋಡಲು ಬಂದ ದಿನ ಅವು ಹೊರಗೆ ಬರುತ್ತಿದ್ದವು, ಅವರು ಹೋದ ಮೇಲೆ ಎಣಿಸಿ ಒಳಗೆ ಹೋಗುತ್ತಿದ್ದವು. ಉಳಿದ ದಿನ ನೇಯುವವರು ನೆಲದ ಮೇಲಿನ ಹತ್ತಿಯ ಚೂರನ್ನೇ ಉಂಡೆ ಮಾಡಿ ಕಿವಿಗಿಟ್ಟುಕೊಳ್ಳುತ್ತಿದ್ದರು. ಅದರಿಂದ ಕಿವಿ ತುರಿಸಿ ಬೂಷ್ಟು ಕಟ್ಟುತ್ತಿತ್ತೇ ಹೊರತು ಸದ್ದೇನೂ ನಿಲ್ಲುತ್ತಿರಲಿಲ್ಲ.

ಮೊದಲ ಸರದಿ ಗಂಟಕ್ಕನದು. ಪೀಪಿ ಮಾಸ್ತರ ಎಂದಿನಂತೆ, "ಬನ್ನಿ ಅಕ್ಕ, ಹುಲಿಯ ಕಿವಿ ನಿಮ್ಮದು, ಎರಡು ನಿಮಿಷದ ಕೆಲಸ," ಎಂದ. ಅವಳು ಗೂಡಿನೊಳಗೆ ಕೂತಳು. ಅವನು ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, ಬಾಗಿಲು ಮುಚ್ಚಿ ತನ್ನ ಮೇಜಿಗೆ ಹೋದ.

ಆಗ ಹಿಂದಿನ ಬಾಗಿಲಿನಿಂದ ಕಾರ್ಖಾನೆಯ ಡಾಕ್ಟರು ಬಂದರು. ಚಹಾದ ಲೋಟ ಹಿಡಿದು ಮಾಸ್ತರನ ಪಕ್ಕ ನಿಂತರು, ಮುಖ ಕಿಟಕಿಯ ಕಡೆಗೇ. ಗೂಡಿನೊಳಗೆ ಕೂತವರಿಗೆ ಏನೂ ಕೇಳುವುದಿಲ್ಲ ಎನ್ನುವ ಭರವಸೆಯಲ್ಲಿ ಮಾತಾಡಿದರು. ಕೇಳಲಿಲ್ಲ, ನಿಜ. ಗಂಟಕ್ಕ ಓದಿದಳು.

"ಇವಳೇ ಅಲ್ವಾ ಗಾಜು ನೋಡಿ ಒತ್ತೋಳು?"

ಮಾಸ್ತರ ಏನೋ ಹೇಳಿದ. ಅವನ ಮುಖ ಅತ್ತ ತಿರುಗಿತ್ತು.

"ಒತ್ತಲಿ ಬಿಡಯ್ಯ. ಆ ಬೀರು ಅಲ್ಲಿಂದ ಸರಿಸೋಣ ಅಂದಿದ್ದರು ಯಾರೋ, ನಾನೇ ಬೇಡ ಅಂದೆ. ಇವರು ಹೀಗೆ ಪಾಸಾಗ್ತಾ ಇದ್ದರೆ ನಮಗೆ ಮಿಷನ್ ಕೊಡಿಸೋದೂ ಇಲ್ಲ, ಸದ್ದಿನಿಂದ ಕಿವಿ ಹೋಯ್ತು ಅಂತ ಬರೆಯೋದೂ ಇಲ್ಲ. ಮಗಳಿಗೂ ಕಲಿಸಿದಾಳಂತೆ. ಒಳ್ಳೇ ತಾಯಿ." ಡಾಕ್ಟರು ನಕ್ಕು ಚಹಾ ಕುಡಿದರು.

ಇಷ್ಟು ವರ್ಷ ಗಂಟಕ್ಕ, ಇವರ ಕಿವಿಯ ಮೇಲೆ ಹೂ ಇಡುತ್ತಿದ್ದೇನೆ ಎಂದುಕೊಂಡಿದ್ದಳು. ಮನೆಗೆ ಹೋಗಿ ಅದನ್ನೇ ಹೇಳಿ ನಗುತ್ತಿದ್ದಳು ಕೂಡ. ಹೂ ಇದ್ದದ್ದು ತನ್ನ ಕಿವಿಯ ಮೇಲೆ. ಕಿಟಕಿ, ಬೀರು, ಗಾಜು ಎಲ್ಲವನ್ನೂ ಇವರೇ ಅವಳಿಗಾಗಿ ಜೋಡಿಸಿಟ್ಟಂತೆ ಇಟ್ಟಿದ್ದರು. ಅವಳು ತನ್ನ ಕಿವಿಯನ್ನು ತಾನೇ ತಂದು ಇವರ ಕೈಗಿಟ್ಟು, ಮಗಳ ಕಿವಿಯನ್ನೂ ಪಳಗಿಸಿ ತಂದುಕೊಟ್ಟಿದ್ದಳು.

ಗಾಜಿನಲ್ಲಿ ಮೊಣಕೈ ಅಲ್ಲಾಡಿತು. ಅವಳು ಒತ್ತಲಿಲ್ಲ. ಎದ್ದು ನಿಂತಳು. ಹೆಡ್‌ಫೋನಿನ ತಂತಿ ಎಳೆಯುವುದನ್ನೂ ಲೆಕ್ಕಿಸದೆ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಗಿರ್ರನೆ ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ಕೂತಳು.

ಬಾಗಿಲು ತೆರೆದು ಮಾಸ್ತರ ಒಳಗೆ ಬಂದು ಅವಳ ಎದುರಿಗೆ ನಿಂತ. "ಕುರ್ಚಿ ಯಾಕೆ ತಿರುಗಿಸಿದ್ರಿ ಅಕ್ಕ?"

"ಪರೀಕ್ಷೆ ಕಿವಿಗೋ ಕಣ್ಣಿಗೋ?"

"ಹಾಗಲ್ಲ, ಇಲ್ಲಿ ಈ ಕಡೆ ಕೂರೋದೇ ಪದ್ಧತಿ."

"ಪದ್ಧತಿ ಬರೆದಿರೋ ಕಾಗದ ತೋರಿಸು, ತಿರುಗಿ ಕೂರ್ತೀನಿ. ಇಲ್ಲದಿದ್ರೆ ಹೋಗಿ ನಿನ್ನ ಪೀಪಿ ಊದು."

ಬೆಂಚಿನ ಮೇಲಿನವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮಾಸ್ತರ ಡಾಕ್ಟರ ಮುಖ ನೋಡಿದ, ಡಾಕ್ಟರು ಲೋಟದೊಳಗೆ ನೋಡಿದರು. ಕೊನೆಗೆ ಅವನು ಹೋಗಿ ಕೂತ.

ಮರದ ಗೋಡೆಗೆ ಬಡಿದಿದ್ದ ಮೊಳೆಯೊಂದನ್ನು ದಿಟ್ಟಿಸುತ್ತ ಗಂಟಕ್ಕ ಕಾದಳು. ಒಮ್ಮೆ, ಬಹಳ ದಪ್ಪನೆಯ ದನಿಯೊಂದು ಬಾವಿಯ ತಳದಿಂದ ಬಂದಂತೆ ಬಂತು. ಒತ್ತಿದಳು. ಮತ್ತೊಮ್ಮೆ ಬಂದಂತಿತ್ತು, ನಿಜವೋ ತನ್ನ ಕಿವಿಯದೇ ಮೊರೆತವೋ ತಿಳಿಯಲಿಲ್ಲ, ಬಿಟ್ಟಳು. ಆಮೇಲೆ ಏನೂ ಇರಲಿಲ್ಲ. ಅವಳ ಬೆರಳು ಗುಂಡಿಯ ಮೇಲೆ ಸುಮ್ಮನಿತ್ತು. ಇಷ್ಟು ವರ್ಷಗಳಲ್ಲಿ ಆ ಗೂಡಿನಲ್ಲಿ ಅವಳು ನಿಜ ಹೇಳಿದ್ದು ಅದೇ ಮೊದಲು.

ಹೊರಗೆ ಬಂದಾಗ ಡಾಕ್ಟರು ಹಾಳೆ ಹಿಡಿದು ನಿಂತಿದ್ದರು. ಕಿಟಕಿಯ ಕಡೆ ಮುಖ ಮಾಡಿ ಏನೋ ಹೇಳಿದರು.

"ಮುಖ ತೋರಿಸಿ ಮಾತಾಡಿ ಸಾರ್. ಅಷ್ಟು ಹೊತ್ತು ಚೆನ್ನಾಗಿ ತೋರಿಸ್ತಿದ್ರಲ್ಲ."

ಅವರು ತಿರುಗಿದರು. "ಹೀಗೆ ಬರೆದರೆ ನಾಳೆಯಿಂದ ಮಡಿಸೋ ಕೋಣೆ ನಿಮಗೆ. ಮಗ್ಗ ಹೋಗುತ್ತೆ. ಯೋಚನೆ ಮಾಡಿ. ಇನ್ನೊಂದು ಸಲ ಸರಿಯಾಗಿ ಕೂತರೆ..."

"ಬರೀರಿ. ಸದ್ದಿನಿಂದ ಕಿವಿ ಹೋಯ್ತು ಅಂತಲೇ ಬರೀರಿ, ವಯಸ್ಸಿನಿಂದ ಅಂತ ಬರೆದ್ರೆ ನಾನು ಇಲ್ಲಿಂದ ಕದಲಲ್ಲ. ಬೀರು ಸರಿಸೋದು ಬೇಡ ಅಂದವರು ನೀವೇ ಅಂತ ಈಗ ತಾನೇ ಅಂದ್ರಲ್ಲ. ಒಳ್ಳೇ ತಾಯಿ ಅಂದ್ರಲ್ಲ. ಅದನ್ನೂ ಬರೀರಿ."

ಡಾಕ್ಟರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. ತಮ್ಮ ಮಾತು ಅವಳಿಗೆ ಹೇಗೆ ಕೇಳಿತು ಎಂದು ಕೇಳಿದರೆ ಆಡಿದ್ದನ್ನು ಒಪ್ಪಿಕೊಂಡಂತೆ, ಆಡಿಲ್ಲ ಎನ್ನುವಂತೆಯೂ ಇಲ್ಲ. ಬೆಂಚಿನ ಮೇಲೆ ಕೂತ ಅಷ್ಟೂ ಜನ ತುಟಿ ಓದುವವರೇ ಎನ್ನುವುದು ಅವರಿಗೆ ಆಗ ಹೊಳೆದಿರಬೇಕು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಆಮೇಲೆ ಬರೆದರು. ಅವಳು ಪ್ರತಿ ಪದವನ್ನೂ ಓದಿ, ಸಹಿ ಹಾಕಿಸಿಕೊಂಡು, ಹಾಳೆ ಮಡಚಿದಳು.

ಎರಡನೇ ಸರದಿ ಚಿಕ್ಕ ಗಂಟಿನದು.

ಮಗಳು ಬೆಂಚಿನಿಂದ ಎದ್ದಳು. ತಾಯಿಯ ಪಕ್ಕದಿಂದಲೇ ಹೋದಳು, ತಲೆ ಎತ್ತಲಿಲ್ಲ. ಮುಖ ಬಿಗಿದುಕೊಂಡಿತ್ತು. ಗಂಟಕ್ಕ ಅವಳ ತೋಳು ಹಿಡಿಯಲು ಕೈ ಚಾಚಿದವಳು ಹಿಂದಕ್ಕೆಳೆದುಕೊಂಡಳು. ಹಿಡಿದು ಏನೆನ್ನುವುದು? ಮೊಣಕೈ ನೋಡು ಎಂದು ಹೇಳಿದ ಬಾಯಿಯಿಂದ ಇನ್ನೇನು ಹೇಳಿದರೂ ಅವಳಿಗೆ ಹಿಡಿಸುವುದಿಲ್ಲ.

ಕುರ್ಚಿ ಇನ್ನೂ ಬೆನ್ನು ಹಾಕಿಯೇ ಇತ್ತು. ಮಗಳು ಗೂಡಿನೊಳಗೆ ಹೋಗಿ ಅದರ ಬೆನ್ನಿನ ಮೇಲೆ ಎರಡೂ ಕೈ ಇಟ್ಟಳು. ಎತ್ತಿದಳು. ಬರುವ ತಿಂಗಳ ನಾಲ್ಕು ಮಗ್ಗ, ಆಮೇಲೆ ಹೋಗುವ ಹಕ್ಕಿಗಳು, ಕುಕ್ಕರಿನ ಸೀಟಿ, ಮುಂದೊಂದು ದಿನ ಇವಳನ್ನು ಬೆನ್ನ ಹಿಂದಿನಿಂದ ಕರೆಯುವ ಮಗು, ಎಲ್ಲ ಒಂದರ ಹಿಂದೊಂದು ಗಂಟಕ್ಕನ ಕಣ್ಣ ಮುಂದೆ ಬಂದವು.

ಮಗಳು ಕುರ್ಚಿಯನ್ನು ಅರ್ಧ ಅಡಿ ಮುಂದಕ್ಕೆ, ಗೋಡೆಯ ಕಡೆಗೆ ಸರಿಸಿಟ್ಟು, ಹಾಗೇ ಬೆನ್ನು ಹಾಕಿ ಕೂತಳು.

ಕಿಟಕಿಯಲ್ಲಿ ಈಗ ಅವಳ ಜಡೆ ಮಾತ್ರ ಕಾಣುತ್ತಿತ್ತು. ತುಟಿ ಇಲ್ಲ, ಕಣ್ಣಿಲ್ಲ, ಓದಲು ಏನೂ ಇಲ್ಲ. ಗಂಟಕ್ಕ ಮಾಸ್ತರನ ಯಂತ್ರದ ಕೆಂಪು ದೀಪದ ಮೇಲೆ ಕಣ್ಣು ನೆಟ್ಟಳು. ಒಳಗೆ ಗುಂಡಿ ಒತ್ತಿದರೆ ಅದು ಹತ್ತುತ್ತದೆ. ಹತ್ತಿತು. ಆರಿತು. ಹತ್ತಿತು. ಮಾಸ್ತರ ಯಂತ್ರವನ್ನು ಮುಂದಿನ ಕೀರಲು ದನಿಗೆ ತಿರುಗಿಸಿದ, ಬೆರಳು ಒತ್ತಿದ. ದೀಪ ಹತ್ತಲಿಲ್ಲ. ಇನ್ನಷ್ಟು ಜೋರು ಮಾಡಿ ಒತ್ತಿದ. ಹತ್ತಲಿಲ್ಲ. ತಾಯಿ ಆ ಆರಿದ ದೀಪದಿಂದ ಕಣ್ಣು ತೆಗೆಯಲಿಲ್ಲ. ಮಗಳೂ ನಿಜ ಹೇಳುತ್ತಿದ್ದಳು.

ಮಗಳು ಹಾಳೆ ಹಿಡಿದು ಹೊರಗೆ ಬಂದಳು. ಎರಡು ಮಗ್ಗವೂ ಹೋಗುವ, ನಾಲ್ಕು ಎಂದೂ ಬರದ ಹಾಳೆ. ತಾಯಿಯ ಎದುರಿಗೆ ಬಂದು ನಿಂತು, ಮುಖಕ್ಕೆ ಮುಖ ಕೊಟ್ಟು, ತುಟಿ ಅಗಲಿಸಿ, ದನಿಯನ್ನೂ ತೆಗೆದು ಹೇಳಿದಳು: "ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ನನಗೆ."

"ನನಗೂ ಹೋಗಿಲ್ಲ," ಎಂದಳು ಗಂಟಕ್ಕ.

"ಆ ಚಮಚ ಇನ್ನು ಮನೇಲಿರಬಾರದು."

"ಮನೆಗೆ ಹೋದ ತಕ್ಷಣ ಬಿಸಾಕ್ತೀನಿ. ಕನ್ನಡಿ?"

ಮಗಳು ಜಡೆ ಮುಂದಕ್ಕೆ ಹಾಕಿಕೊಂಡಳು. "ಕನ್ನಡಿ ಇರಲಿ. ತಲೆ ಬಾಚ್ಕೋಬೇಕು."

ಪೀಪಿ ಮಾಸ್ತರ ಕುರ್ಚಿಯನ್ನು ಮೊದಲಿನಂತೆ ತಿರುಗಿಸಲು ಗೂಡಿನೊಳಗೆ ಹೋಗಿದ್ದ. ಬೆಂಚಿನ ಮೇಲಿದ್ದ ಮೂಲೆ ಮಗ್ಗದವಳು ಕೈ ಬೀಸಿ ಗಂಟಕ್ಕನ ಗಮನ ಸೆಳೆದು, ತುಟಿಯಲ್ಲೇ ಕೇಳಿದಳು: "ನಾನು ಯಾವ ಕಡೆ ಕೂರಲಿ?"

ಗಂಟಕ್ಕ ಗೋಡೆಯ ಕಡೆಗೆ ಬೆರಳು ತೋರಿಸಿದಳು.